ಮೂಸದ ಹೂ

ದೇವರ ಹೂವನ್ನು ಎಂದೂ ಮೂಸುವುದಿಲ್ಲ ಎಂದು ಲೋಲಾಕ್ಷಿ ತನ್ನ ಹೆತ್ತ ಅಪ್ಪೆಗೆ ಮಾತು ಕೊಟ್ಟದ್ದು ಒಂಬತ್ತನೇ ವಯಸ್ಸಿನಲ್ಲಿ. ಕೊಟ್ಟದ್ದು ಅನ್ನುವುದು ಸುಳ್ಳು. ಅಪ್ಪೆ ಅವಳ ಮೂಗನ್ನು ಎರಡು ಬೆರಳಲ್ಲಿ ಹಿಂಡಿ ಹಿಡಿದು, ಕಣ್ಣಲ್ಲಿ ನೀರು ಬರುವ ತನಕ ಬಿಡದೆ, ಕಿತ್ತುಕೊಂಡ ಮಾತು ಅದು.

ಕಟಪಾಡಿಯಿಂದ ಆಚೆ ಒಂದು ಊರು. ಅಲ್ಲಿ ದೊಡ್ಡಮನೆಯವರ ಮಲ್ಲಿಗೆ ತೋಟ. ಮೊಗ್ಗು ಕೊಯ್ಯುವವಳು ಅಕ್ಕು, ಲೋಲಾಕ್ಷಿಯ ಅಪ್ಪೆ. ಊರು ಮುಟ್ಟಿಸಿಕೊಳ್ಳದ ಮುಗೇರರ ಕಾಲೊನಿಯಿಂದ ಕತ್ತಲಲ್ಲೇ ಹೊರಟು, ಬಿಸಿಲು ಏರುವುದರೊಳಗೆ ಬುಟ್ಟಿ ತುಂಬಿಸಬೇಕು. ಮೊಗ್ಗು ಬಿರಿದರೆ ಬೈಗಳು. ಆ ದಿನ ಜೊತೆಗೆ ಬಂದಿದ್ದ ಹುಡುಗಿ ಒಂದು ಮೊಗ್ಗನ್ನು ಮೂಗಿಗೆ ಹಿಡಿದಳು. ಒಂದೇ ಒಂದು. ದೊಡ್ಡಮನೆಯ ಅಮ್ಮ ಜಗಲಿಯಲ್ಲಿ ಕೂತು ನೋಡುತ್ತಿದ್ದರು. ಬೈಯಲಿಲ್ಲ. ಬುಟ್ಟಿಯನ್ನು ಗೊಬ್ಬರದ ಗುಂಡಿಗೆ ಸುರಿಯಲು ಹೇಳಿದರು. ಇಡೀ ಬುಟ್ಟಿ. ಅಕ್ಕುವಿನ ಕೈಯಿಂದಲೇ.

ಗುಂಡಿಯ ಬದಿಯಲ್ಲೇ ಅಪ್ಪೆ ಮಗಳ ಮೂಗು ಹಿಡಿದದ್ದು. "ದೇವರಿಗೆ ಹೋಗುವ ಹೂ ಅದು. ವಾಸನೆ ತಾನಾಗಿ ಬಂದರೆ ನಮ್ಮ ತಪ್ಪಿಲ್ಲ. ನಾವು ಮೂಗಿಗೆ ತಂದರೆ ಎಂಜಲು. ಇನ್ನು ಮೂಸುವುದಿಲ್ಲ ಅಂತ ಹೇಳು."

ಬಾಯಿಯಿಂದ ಉಸಿರೆಳೆದುಕೊಂಡು ಹುಡುಗಿ ಹೇಳಿದಳು.

ಅಕ್ಕು ಸಾಯುವ ತನಕ ಕೊಯ್ದಳು, ಸಾಯುವ ತನಕ ಮೂಸಲಿಲ್ಲ. ಎರಡು ವರ್ಷದ ಹಿಂದೆ ಅವಳು ಸತ್ತಾಗ ಲೋಲಾಕ್ಷಿಗೆ ಹೋಗಲಾಗಲಿಲ್ಲ. ತಮ್ಮ ವಾಟ್ಸಾಪಿನಲ್ಲಿ ತೋರಿಸಿದ. ಎದೆಯ ಮೇಲೆ, ಗಲ್ಲದ ತನಕ ಮಲ್ಲಿಗೆ. ದೊಡ್ಡಮನೆಯಿಂದ ಕಳಿಸಿದ್ದಂತೆ. ಕೊನೆಗೂ ಹೂ ಅವಳ ಮೂಗಿನ ಹತ್ತಿರ ಬಂದಿತ್ತು. ಮೂಗಿಗೆ ಹತ್ತಿ ಇಟ್ಟಿದ್ದರು.

ಲೋಲಾಕ್ಷಿ ಈಗ ಹೂವಿನಂಗಡಿಯಲ್ಲಿ ಕೆಲಸ ಮಾಡುವುದು. ಒಮಾನಿನ ಅಲ್ ಖೌದ್‌ನಲ್ಲಿ, ಒಂದು ಲಾಂಡ್ರಿಗೂ ಮೊಬೈಲ್ ರಿಪೇರಿಗೂ ನಡುವೆ ಸಿಕ್ಕಿಕೊಂಡಿರುವ ಅಂಗಡಿ. ಬೋರ್ಡಿನಲ್ಲಿ ಒಮಾನಿ ಕಫೀಲನ, ಅಂದರೆ ಲೈಸೆನ್ಸಿನ ಒಡೆಯನ, ಹೆಸರು. ನಡೆಸುವವನು ಸುರತ್ಕಲ್ ಕಡೆಯ ಬ್ಯಾರಿ ಮುಸಲ್ಮಾನ, ಆದಂ. ಯೂನಿವರ್ಸಿಟಿಯ ಮಕ್ಕಳು ಪಾಸಾದಾಗ ಬೊಕೆ, ಯಾರದೋ ಮದುವೆಗೆ ಕಾರಿನ ಮೂತಿಗೆ ಹೂ, ಆಸ್ಪತ್ರೆಗೆ ಬುಟ್ಟಿ. ಮಾಡುವುದೆಲ್ಲ ಲೋಲಾಕ್ಷಿ.

ಹೂವಿನ ಕೆಲಸ ಅಂದರೆ ಜನ ಸುವಾಸನೆ ಅಂದುಕೊಳ್ಳುತ್ತಾರೆ. ಬೆಳಿಗ್ಗೆ ಬಂದ ಕೂಡಲೇ ಬಕೆಟ್ ತೊಳೆಯಬೇಕು. ಹಳೇ ನೀರಲ್ಲಿ ದಂಟು ಕೊಳೆತು ಲೋಳೆಯಾಗಿರುತ್ತದೆ. ಕೈ ಹಾಕಿದರೆ ಮೊಣಕೈ ತನಕ ಅಂಟುತ್ತದೆ. ಚರಂಡಿಯ ನಾತ. ಆ ನಾತ ಉಗುರಿನ ಸಂದಿಯಲ್ಲಿ ಕೂತು ಮನೆಗೆ ಬಂದು ಅನ್ನದ ತಟ್ಟೆಯ ತನಕ ಬರುತ್ತದೆ. ಗುಲಾಬಿಯ ಮುಳ್ಳು ಕೀಳಬೇಕು. ಕೋಲ್ಡ್ ರೂಮಿನೊಳಗೆ ಕೂತು ಕೀಳುವಾಗ ಚುಚ್ಚಿದ್ದು ಗೊತ್ತಾಗುವುದಿಲ್ಲ, ಹೊರಗೆ ಬಂದಾಗ ರಕ್ತ ಕಾಣುತ್ತದೆ. ಕೀನ್ಯಾದಿಂದ ಬರುವ ಆ ಗುಲಾಬಿಗೆ ಪರಿಮಳವೇ ಇಲ್ಲ. ಅದಕ್ಕೆ ಬಾಟ್ಲಿಯಿಂದ ಅತ್ತರು ಹೊಡೆಯಬೇಕು. ಗಿರಾಕಿಗಳು ಮೂಗು ಒತ್ತಿ ಮೂಸಿ, ಫ್ರೆಶ್ ಉಂಟು ಅನ್ನುತ್ತಾರೆ. ಬೆಳಗ್ಗಿಂದ ಸಂಜೆ ತನಕ ಆ ಸುಳ್ಳನ್ನು ಮೂಸಬಹುದು. ಅದಕ್ಕೆ ಯಾರ ಅಡ್ಡಿಯೂ ಇಲ್ಲ.

ಗಂಡ ವಿಕಾಸ್ ಒಂದು ಕಂಪೆನಿಯ ಡ್ರೈವರ್. ಅವನ ಸಂಬಳದಲ್ಲಿ ಮನೆ ನಡೆಯುತ್ತಿತ್ತು, ಅಷ್ಟೇ. ಮಗಳು ಯಶ್ಮಿತಾಳ ಶಾಲೆ ನಿಂತಿದ್ದು ಲೋಲಾಕ್ಷಿಯ ಹತ್ತು ಬೆರಳ ಮೇಲೆ. ಹುಡುಗಿ ಈ ವರ್ಷ ಹತ್ತನೇ ಕ್ಲಾಸು. ಅಂಗಡಿಯ ಕೆಲಸ ಹೋದರೆ ಅವಳನ್ನು ನಡುವರ್ಷದಲ್ಲಿ ಊರಿಗೆ ಕಳಿಸಬೇಕು, ಕಾಲೊನಿಯ ಮನೆಗೆ. ಇದು ಗಂಡಹೆಂಡಿರಿಗೆ ಇಬ್ಬರಿಗೂ ಗೊತ್ತಿತ್ತು. ಬಾಯಿ ಬಿಟ್ಟು ಇಬ್ಬರೂ ಹೇಳಿರಲಿಲ್ಲ.

ಮಲ್ಲಿಗೆ ಬರುವುದು ಮಂಗಳೂರಿನ ವಿಮಾನದಲ್ಲಿ, ಥರ್ಮಾಕೋಲಿನ ಪೆಟ್ಟಿಗೆಯಲ್ಲಿ, ಬಾಳೆಲೆ ಸುತ್ತಿ. ಕಟ್ಟಿದ ಹೂ ದಾರಿಯಲ್ಲಿ ಕೆಂಪಾಗುತ್ತದೆಂದು ಆದಂ ಬಿಡಿ ಮೊಗ್ಗೇ ತರಿಸುತ್ತಿದ್ದ. ಬಾಳೆನಾರನ್ನು ನೀರಲ್ಲಿ ನೆನೆಸಿ, ಎರಡೆರಡು ಮೊಗ್ಗು ಎದುರುಬದುರು ಇಟ್ಟು, ನಾರನ್ನು ಸುತ್ತಿ ಎಳೆದು ಬಿಗಿಯಬೇಕು. ಸಡಿಲಾದರೆ ಉದುರುತ್ತದೆ, ಬಿಗಿಯಾದರೆ ಕತ್ತು ಮುರಿಯುತ್ತದೆ. ಲೋಲಾಕ್ಷಿಯ ಕೈಗೆ ಅದು ನಡೆದಷ್ಟೇ ಸಲೀಸು. ತೋರುಬೆರಳ ಬದಿಯಲ್ಲಿ ನಾರು ಎಳೆದೆಳೆದು ಬಿದ್ದ ಗೀರು, ಇನ್ನು ಮಾಸುವುದಿಲ್ಲ.

ಕನ್ನಡದವರ ಸಂಘ ಪ್ರತಿ ವರ್ಷ ವರಮಹಾಲಕ್ಷ್ಮಿ ಪೂಜೆ ಮಾಡುತ್ತದೆ. ಹೂವೆಲ್ಲ ಆದಮನ ಅಂಗಡಿಯಿಂದ. ಪೂಜೆಯ ದಿನ ಬೆಳಿಗ್ಗೆ ಹೆಂಗಸರೆಲ್ಲ ಅಲ್ ಗುಬ್ರಾದ ರತ್ನಪ್ರಭಾ ಅವರ ಫ್ಲ್ಯಾಟಿನಲ್ಲಿ ಸೇರಿ ಹಾರ ಕಟ್ಟುವುದು. ಸೇರುವುದು ಅವರು, ಕಟ್ಟುವುದು ಲೋಲಾಕ್ಷಿ. ರತ್ನಪ್ರಭಾ ಮೈಸೂರಿನವರು, ಗಂಡ ಶ್ರೀನಿವಾಸಮೂರ್ತಿ ಸಂಘದ ಅಧ್ಯಕ್ಷ. ಮೊದಮೊದಲು ಚೆನ್ನಾಗೇ ಇತ್ತು. ಲೋಲಾಕ್ಷಿಯನ್ನು ನಡುವೆ ಕೂರಿಸಿಕೊಂಡು, "ನಿಮ್ಮ ಕೈ ನೋಡಿದ್ರೆ ಮೆಷಿನ್ ಥರ ಓಡುತ್ತಲ್ರೀ" ಎಂದು ನಗುತ್ತಿದ್ದರು. ಒಂದೇ ತಟ್ಟೆಯಿಂದ ಕೋಡುಬಳೆ ತೆಗೆದು ತಿಂದದ್ದೂ ಉಂಟು.

ಹೋದ ವರ್ಷ ಸೌಮ್ಯಶ್ರೀ ಬಂದಳು.

ಗಂಡನಿಗೆ ಖುರುಮ್‌ನ ಆಫೀಸಿನಲ್ಲಿ ಕೆಲಸ. ಹೊಸದಾಗಿ ಬಂದವಳು. ಹೂ ಕಟ್ಟುವಲ್ಲಿ ಲೋಲಾಕ್ಷಿಯನ್ನು ನೋಡಿ ಕಣ್ಣು ಕಿರಿದು ಮಾಡಿದಳು. "ನೀನು ಅಕ್ಕುವಿನ ಮಗಳಲ್ವಾ? ನಮ್ಮ ತೋಟಕ್ಕೆ ಬರ್ತಿದ್ದ ಅಕ್ಕು?"

ದೊಡ್ಡಮನೆಯ ಮೊಮ್ಮಗಳು. ಲೋಲಾಕ್ಷಿಗಿಂತ ಏಳೆಂಟು ವರ್ಷ ಸಣ್ಣವಳು. ಆದರೂ ಲೋಲಾಕ್ಷಿ ಕೂತಲ್ಲಿಂದ ಎದ್ದು ನಿಂತಳು. "ಹೌದಮ್ಮ" ಎಂಬ ಮಾತು ಬಾಯಿಂದ ತಾನಾಗಿ ಜಾರಿತು. ಜಾರಿದ ಮೇಲೆ ಬಾಯಿಯ ಮೇಲೇ ಹೇಸಿಗೆಯಾಯಿತು. ಸಮುದ್ರ ದಾಟಿ ಹದಿನೆಂಟು ವರ್ಷ ಆಗಿತ್ತು. ಕಾಲು ಮಾತ್ರ ಇನ್ನೂ ಆ ಜಗಲಿಯ ಕೆಳಗೇ ನಿಂತಿತ್ತು.

ನವರಾತ್ರಿಗೆ ಹೂ ಕಟ್ಟಲು ಹೋದಾಗ ರತ್ನಪ್ರಭಾ ಬಾಗಿಲಲ್ಲೇ ನೀಲಿ ಮಾಸ್ಕ್ ಹಿಡಿದು ನಿಂತಿದ್ದರು. "ಏನೂ ಅಂದ್ಕೋಬೇಡಿ ಲೋಲಾಕ್ಷಿ. ಕೊರೊನಾ ಆದ್ಮೇಲೆ ಎಲ್ರಿಗೂ ಅಭ್ಯಾಸ ಆಗಿದೆಯಲ್ವಾ. ಹೂ ಮೂಸಿದ ಹಾಗಾಗ್ಬಾರ್ದು ನೋಡಿ, ದೇವರದ್ದು."

ಒಳಗೆ ಹನ್ನೆರಡು ಹೆಂಗಸರಿದ್ದರು. ಒಬ್ಬರ ಮುಖಕ್ಕೂ ಮಾಸ್ಕ್ ಇರಲಿಲ್ಲ. ಕೂರುವ ಜಾಗವೂ ಬದಲಾಗಿತ್ತು. ಅಡುಗೆಮನೆಯ ಬಾಗಿಲ ಬದಿ, ಪೇಪರ್ ಹಾಸಿ.

ಮೂವತ್ತೈದು ವರ್ಷದಿಂದ ಮೂಸದವಳ ಮೂಗಿಗೆ ಬಟ್ಟೆ ಕಟ್ಟಿದರು. ಅವಳು ಕಟ್ಟಿಸಿಕೊಂಡಳು. ಒಳಗೆ ತನ್ನದೇ ಬಿಸಿ ಉಸಿರು, ಬೆಳಿಗ್ಗೆ ತಿಂದ ಉಪ್ಪಿನಕಾಯಿಯ ವಾಸನೆ, ಮೇಲ್ದುಟಿಯ ಬೆವರು. ಮನೆಗೆ ಬಂದು ವಿಕಾಸನಿಗೆ ಹೇಳಲಿಲ್ಲ. ಆದಮನಿಗೆ ಹೇಳಿದಳು.

ಆದಂ ಪೆಟ್ಟಿಗೆಯ ಟೇಪು ಕೀಳುತ್ತಾ ಹೇಳಿದ. "ನನ್ನ ಹೂ ಅವ್ರ ದೇವ್ರಿಗೆ ಆಗ್ತದೆ ಲೋಲಾಕ್ಷಿಯಕ್ಕ. ನಾನು ಲಿಫ್ಟಿನ ತನಕ ಮಾತ್ರ. ಪೆಟ್ಟಿಗೆ ಕೆಳಗಿಟ್ಟು ಫೋನ್ ಮಾಡ್ಬೇಕು. ನಂಗೆ ಗೊತ್ತಿಲ್ವಾ?"

ಈ ವರ್ಷ ಪೂಜೆ ಆಗಸ್ಟಿನಲ್ಲಿ ಬಂತು. ಶುಕ್ರವಾರ ಹೇಗೂ ರಜೆ. ದೇವಿಯ ವಾರಕ್ಕೂ ಒಮಾನಿನ ವಾರಕ್ಕೂ ಅಷ್ಟು ಹೊಂದಾಣಿಕೆ. ಸಂಘಕ್ಕೆ ಇಪ್ಪತ್ತೈದನೇ ವರ್ಷ, ಹಾರ ಆಳೆತ್ತರ ಬೇಕಂತೆ, ಮುತ್ತೈದೆಯರಿಗೆಲ್ಲ ಬೇರೆ ಮಲ್ಲಿಗೆ. ಒಬ್ಬಳ ಕೈಯಿಂದ ಮುಗಿಯದು. "ನಾನೂ ಬರ್ತೇನೆ ಮಮ್ಮಿ" ಎಂದಳು ಯಶ್ಮಿತಾ. ಕಟ್ಟಲು ಅವಳಿಗೆ ಬರುತ್ತಿತ್ತು. ಲೋಲಾಕ್ಷಿಯೇ ಕಲಿಸಿದ್ದಳು, ತಮಾಷೆಗೆ. ಬೇಡ ಅನ್ನಬೇಕಿತ್ತು. ಅನ್ನಲಿಲ್ಲ. ಆ ಒಂದು ತಪ್ಪಿಗೆ ಅವಳು ಆಮೇಲೆ ತನ್ನನ್ನು ತಾನು ಬಹಳ ದಿನ ಬೈದುಕೊಂಡಳು.

ವ್ಯಾನಿನಲ್ಲಿ ಆದಂ ಬುದ್ಧಿ ಹೇಳಿದ. "ಇವತ್ತೊಂದು ದಿನ ಬಾಯಿ ಮುಚ್ಚಿ ಕಟ್ಟಿ ಬನ್ನಿ ಅಕ್ಕ. ಕಫೀಲ್ ಮೊನ್ನೆಯೇ ಹೇಳಿದ್ದಾನೆ. ಈ ಆರ್ಡರ್ ತಪ್ಪಿದ್ರೆ ಅಂಗಡಿ ಬೇರೆಯವ್ರಿಗೆ ಕೊಡ್ತಾನಂತೆ. ಮತ್ತೆ ನಾನೂ ಇಲ್ಲ, ನೀವೂ ಇಲ್ಲ."

"ಬಾಯಿ ಮಾತ್ರವಾ ಆದಂ? ಮೂಗೂ ಮುಚ್ತಾರಲ್ಲ."

"ಮುಚ್ಚಲಿ. ಕಣ್ಣು ನಾವೇ ಮುಚ್ಚುವ. ಯಲ್ಲಾ, ಇಳೀರಿ."

ಬಾಗಿಲಲ್ಲಿ ಮಾಸ್ಕ್ ಸಿಕ್ಕಿತು. ಒಂದೇ. ರತ್ನಪ್ರಭಾ ಅಡುಗೆಯ ಗಡಿಬಿಡಿಯಲ್ಲಿ ಹಿಂದೆ ಇದ್ದ ಹುಡುಗಿಯನ್ನು ನೋಡಿಯೂ ನೋಡಲಿಲ್ಲ. ಲೋಲಾಕ್ಷಿ ಅದನ್ನು ಹಾಕಿಕೊಂಡು ಪೇಪರಿನ ಮೇಲೆ ಕೂತಳು. ಯಶ್ಮಿತಾ ತಾಯಿಯ ಮುಖ ನೋಡಿದಳು. "ಕೋಲ್ಡಾ ಮಮ್ಮಿ?"

"ಹೂಂ. ಸ್ವಲ್ಪ ಶೀತ."

ಮಗಳಿಗೆ ಹೇಳಿದ ಸುಳ್ಳು ಮಾಸ್ಕಿನೊಳಗೇ ನಾರಿತು.

ಎರಡು ಗಂಟೆ ಕಟ್ಟಿದರು. ಸೊಂಟ ಹಿಡಿಯಿತು. ನಾರಿನ ನೀರು ಸೀರೆ ಒದ್ದೆ ಮಾಡಿತು. ಹಾಲಿನ ನಡುವೆ ಹೆಂಗಸರು ಹೂವಿನ ರಾಶಿಯ ಸುತ್ತ ಕೂತು ಮಾತಾಡುತ್ತಿದ್ದರು. ಒಬ್ಬಳು ಹತ್ತು ಮೊಗ್ಗು ಕಟ್ಟಿ ಇಪ್ಪತ್ತು ಫೋಟೊ ತೆಗೆದಳು. ಇನ್ನೊಬ್ಬಳು ಸೀನಿದಳು, ರಾಶಿಯ ಮೇಲೇ. "ಸತ್ಯ" ಎಂದರು ಯಾರೋ, ನಕ್ಕರು. ರತ್ನಪ್ರಭಾರ ಆರು ವರ್ಷದ ಮೊಮ್ಮಗಳು, ಖುಷಿ ಎಂಬವಳು, ಪೆಟ್ಟಿಗೆಯೊಳಗೆ ಮುಖ ಹುದುಗಿಸಿ ಜೋರಾಗಿ ಉಸಿರೆಳೆದುಕೊಂಡು, ಮೂಗಿಗೆ ಅಂಟಿದ ಮೊಗ್ಗಿನೊಂದಿಗೆ ಎದ್ದಳು.

"ಅಯ್ಯೋ ಕಳ್ಳಿ, ದೇವರ ಹೂ ಅದು" ಎಂದು ರತ್ನಪ್ರಭಾ ಅವಳ ಮೂಗಿಗೆ ಮುತ್ತಿಟ್ಟರು. ಮೂಗಿನ ಮೇಲಿದ್ದ ಮೊಗ್ಗನ್ನು ತೆಗೆದು ರಾಶಿಗೇ ಹಾಕಿದರು.

ಖುಷಿಗೆ ಯಶ್ಮಿತಾ ಇಷ್ಟವಾದಳು. ಬಂದು ಅವಳ ತೊಡೆಯ ಮೇಲೆ ಕೂತಳು. ಆಗಲೇ ಎಲ್ಲರ ಕಣ್ಣು ಈ ಕಡೆ ತಿರುಗಿದ್ದು.

"ಯಾರಮ್ಮ ನೀನು? ಎಷ್ಟು ಲಕ್ಷಣವಾಗಿದೀಯ" ಎಂದರು ರತ್ನಪ್ರಭಾ.

"ಯಶ್ಮಿತಾ, ಆಂಟಿ. ಇವರ ಮಗಳು."

ರತ್ನಪ್ರಭಾ ಸೌಮ್ಯಶ್ರೀಯ ಕಡೆ ನೋಡಿದರು. ಸೌಮ್ಯಶ್ರೀ ತಲೆ ತಗ್ಗಿಸಿ ನಾರು ಸುತ್ತುತ್ತಾ, ಹುಬ್ಬು ಮಾತ್ರ ಎತ್ತಿದಳು. ಅಷ್ಟೇ. ರತ್ನಪ್ರಭಾ ಎದ್ದು ಒಳಗೆ ಹೋಗಿ ಬಂದರು. ಮೊದಲು ಖುಷಿಯನ್ನು ಆ ತೊಡೆಯಿಂದ ಎತ್ತಿಕೊಂಡರು. ಆಮೇಲೆ ಮಾಸ್ಕ್ ಚಾಚಿದರು.

"ನೀನೂ ಒಂದು ಹಾಕ್ಕೊಂಬಿಡು ಪುಟ್ಟಿ. ಗೊತ್ತಿಲ್ದೆ ಮೂಸಿಬಿಟ್ಟೀಯ."

ಯಶ್ಮಿತಾ ಮಾಸ್ಕ್ ನೋಡಿದಳು. ಹಾಲಿನಲ್ಲಿದ್ದ ಮುಖಗಳನ್ನು ಒಂದೊಂದಾಗಿ ನೋಡಿದಳು. ಎಲ್ಲರ ಮೂಗೂ ಕಾಣುತ್ತಿತ್ತು. ನತ್ತು ಇದ್ದ ಮೂಗು, ಕನ್ನಡಕದ ಗೆರೆ ಬಿದ್ದ ಮೂಗು, ಈಗಷ್ಟೇ ಸೀನಿದ ಮೂಗು.

"ಆದ್ರೆ ಆಂಟಿ, ಖುಷಿ ಆಗ್ಲೇ ಸ್ಮೆಲ್ ಮಾಡಿದ್ಲಲ್ಲ."

"ಅವಳು ಮಗು ಕಣಮ್ಮ."

"ಮತ್ತೆ ನೀವು?"

ರತ್ನಪ್ರಭಾ ಮಾಸ್ಕನ್ನು ಇನ್ನಷ್ಟು ಮುಂದೆ ಚಾಚಿದರು. ಎ.ಸಿ. ಗೊರಗೊರ ಅನ್ನುತ್ತಿತ್ತು. ಸೌಮ್ಯಶ್ರೀ ಮೆತ್ತಗೆ ಹೇಳಿದಳು, "ಎಂತ ಇಷ್ಟು ಪ್ರಶ್ನೆ ಮಾರಾಯ್ತಿ. ನಿನ್ನ ಅಮ್ಮ ಹಾಕಿಲ್ವಾ? ಅವಳಿಗೆ ಗೊತ್ತುಂಟು."

ಯಶ್ಮಿತಾ ತಾಯಿಯ ಕಡೆ ತಿರುಗಿದಳು. ನೀಲಿ ಬಟ್ಟೆಯ ಮೇಲಿದ್ದ ಎರಡು ಕಣ್ಣನ್ನು ನೋಡಿದಳು. ಶೀತವಲ್ಲ ಎಂದು ಅವಳಿಗೆ ಆಗ ತಿಳಿಯಿತು. ಜಗಳ ಮಾಡುತ್ತಾಳೆ ಎಂದು ಲೋಲಾಕ್ಷಿ ಅಂದುಕೊಂಡಳು. ಶಾಲೆಯಲ್ಲಿ ಡಿಬೇಟಿನಲ್ಲಿ ಕಪ್ ತಂದ ಹುಡುಗಿ. ಮನೆಯಲ್ಲಿ ಅಪ್ಪನ ಮಾತಿಗೆ ಹತ್ತು ಮಾತು ಕೊಡುವವಳು. ಆದರೆ ಅಮ್ಮ ಹಾಕಿದ್ದಾಳೆ ಅಂದ ಮೇಲೆ ಹಾಕಬೇಕು ಅಂದುಕೊಂಡಳೋ ಏನೋ. ಕೈ ಚಾಚಿ ಮಾಸ್ಕ್ ತೆಗೆದುಕೊಂಡಳು. ಒಂದು ದಾರವನ್ನು ಬಲಗಿವಿಗೆ ಸಿಕ್ಕಿಸಿದಳು.

ಗೊಬ್ಬರದ ಗುಂಡಿಯ ಬದಿಯಲ್ಲಿ ಅಪ್ಪೆಯ ಎರಡು ಬೆರಳು. ಲೋಲಾಕ್ಷಿಯ ಕಣ್ಣಿಗೆ ಕಂಡದ್ದು ಅದು. ಆ ಬೆರಳು ಈಗ ತನ್ನವು. ಮಗಳ ಮೂಗನ್ನು ಹಿಂಡಿ ಹಿಡಿದಿರುವುದು ರತ್ನಪ್ರಭಾ ಅಲ್ಲ, ಸೌಮ್ಯಶ್ರೀ ಅಲ್ಲ. ತಾನು.

"ಯಶ್ಮಿತಾ, ತೆಗಿ ಅದನ್ನು."

"ಮಮ್ಮಿ?"

"ತೆಗಿ ಅಂದೆ."

ಲೋಲಾಕ್ಷಿ ತನ್ನ ಮಾಸ್ಕನ್ನು ಎಳೆದಳು. ದಾರ ಕಿತ್ತು ಬಂತು. ಅದನ್ನು ನಾರಿನ ನೀರಿದ್ದ ಬೋಗುಣಿಗೆ ಹಾಕಿದಳು. ಮೂಗಿನ ಮೇಲೆ ಬೆವರಿನ ಗೆರೆ ಇತ್ತು, ಒರೆಸಲಿಲ್ಲ. ಪಕ್ಕದಲ್ಲಿ ಬಾಳೆಲೆಯ ಮೇಲೆ ದೇವಿಯ ಹಾರ ಸುರುಳಿ ಬಿದ್ದಿತ್ತು, ಬೆಳಗ್ಗಿಂದ ಕಟ್ಟಿದ್ದು, ಆಳೆತ್ತರ. ಎರಡೂ ಕೈಯಲ್ಲಿ ಎತ್ತಿಕೊಂಡಳು. ಮುಖಕ್ಕೆ ತಂದು ಒತ್ತಿಕೊಂಡಳು. ಮೂಗು ಮೊಗ್ಗಿನೊಳಗೆ ಹೂತು ಹೋಯಿತು.

ಉಸಿರೆಳೆದುಕೊಂಡಳು.

"ಏನ್ರೀ ಮಾಡ್ತಿದೀರಾ" ಎಂದರು ರತ್ನಪ್ರಭಾ. ಸ್ವರ ಸತ್ತು ಹೋಗಿತ್ತು.

"ಮೂಸ್ತಿದ್ದೇನೆ."

ಒಂದು ಗೇಣು ಸರಿಸಿದಳು. ಮತ್ತೆ ಮೂಸಿದಳು. ಮತ್ತೊಂದು ಗೇಣು. ಜವಳಿ ಅಂಗಡಿಯವನು ಬಟ್ಟೆ ಅಳೆದ ಹಾಗೆ ಅಲ್ಲ, ದರ್ಜಿಯು ಅಳೆಯುವ ಹಾಗೆ, ಒಂದಿಂಚೂ ಬಿಡದೆ. ಯಾರೂ ಎದ್ದು ಬಂದು ಹಿಡಿಯಲಿಲ್ಲ. ಹಿಡಿಯಬೇಕಾದರೆ ಅವಳನ್ನು ಮುಟ್ಟಬೇಕಿತ್ತು.

"ಲೋಲಾಕ್ಷಿ, ನಿಂಗೆ ಮರ್ಲಾ, ತಲೆ ಸರಿ ಉಂಟಾ?" ಸೌಮ್ಯಶ್ರೀ ಎದ್ದು ನಿಂತಿದ್ದಳು. "ಜಾತಿಗೀತಿ ಎಂತ ಇಲ್ಲ ನಮ್ಮಲ್ಲಿ. ಅಕ್ಕು ನಮ್ಮ ಮನೆಯವಳ ಹಾಗೇ ಇದ್ದದ್ದು. ಅವಳು ಸತ್ತಾಗ ಹೂ ಕಳಿಸಿದ್ದು ಯಾರು?"

"ನೀವೇ ಸೌಮ್ಯ. ಮೂಗಿಗೆ ಹತ್ತಿ ಇಟ್ಟ ಮೇಲೆ ಕಳಿಸಿದ್ದು."

ಅಮ್ಮ ಎನ್ನಲಿಲ್ಲ, ಅಕ್ಕ ಎನ್ನಲಿಲ್ಲ. ಬರೀ ಸೌಮ್ಯ. ಅದು ಎಲ್ಲರಿಗಿಂತ ಮೊದಲು ಕೇಳಿಸಿದ್ದು ಸೌಮ್ಯಶ್ರೀಗೆ. ಅವಳ ಮುಖ ಕೆಂಪಾಯಿತು. "ತಿಂದ ಮನೆಗೆ..." ಎಂದು ಏನೋ ಶುರು ಮಾಡಿದಳು.

"ನಿಮ್ಮ ಮನೆಯಲ್ಲಿ ನಾವು ತಿಂದದ್ದು ಕೊಯ್ದದ್ದಕ್ಕೆ. ಕೊಯ್ದದ್ದು ನೀವು ಮುಡಿದಿರಿ. ಅಲ್ಲಿಗೆ ಮುಗೀತು."

ಹಾರದ ತುದಿ ಬಂತು. ಅದನ್ನು ಮಗಳ ಕೈಗೆ ಕೊಟ್ಟಳು. "ನೀನೂ ಮೂಸು."

ಯಶ್ಮಿತಾ ಮೂಸಿದಳು. ಮೂಗು ಸೊಟ್ಟ ಮಾಡಿದಳು. "ಫ್ರಿಜ್ ಸ್ಮೆಲ್ ಮಮ್ಮಿ."

ನಿಜ. ಲೋಲಾಕ್ಷಿಗೂ ಬಂದದ್ದು ಅದೇ. ದೂರದಿಂದ ಇಷ್ಟು ವರ್ಷ ತಾನಾಗಿ ಬರುತ್ತಿದ್ದ ಆ ಪರಿಮಳ ಹತ್ತಿರ ಇರಲಿಲ್ಲ. ಥರ್ಮಾಕೋಲು, ಮಂಜಿನ ನೀರು, ಕೊಳೆಯಲು ಶುರುವಾದ ಬಾಳೆನಾರಿನ ಹುಳಿ. ಇದಕ್ಕೆ ಅಪ್ಪೆಯನ್ನು ಬಗ್ಗಿಸಿ ಇಟ್ಟಿದ್ದರು. ಇದಕ್ಕೆ ಒಂದು ಬುಟ್ಟಿ ಗುಂಡಿಗೆ ಹೋಯಿತು.

ಹಾರವನ್ನು ಬಾಳೆಲೆಯ ಮೇಲೆ ಇಟ್ಟಳು. ಬಿಸಾಡಲಿಲ್ಲ. ಕೆಲಸ ಅವಳದು, ಬಿಸಾಡುವುದಿದ್ದರೆ ಅವರು ಬಿಸಾಡಲಿ, ಅವರ ಕೈಯಿಂದಲೇ.

"ಇನ್ನೂ ಎರಡು ಪೆಟ್ಟಿಗೆ ಮೊಗ್ಗು ಉಂಟು ರತ್ನಪ್ರಭಾ ಅವರೇ. ನಾರು ನೆನೆದಿದೆ. ನೀವೇ ಕಟ್ಟಿ. ಮಡಿಯಲ್ಲಿ ಕಟ್ಟಿ."

"ಸಂಜೆ ಐದಕ್ಕೆ ಪೂಜೆ ಕಣ್ರೀ" ಎಂದರು ರತ್ನಪ್ರಭಾ. ಅಷ್ಟೂ ಹೊತ್ತಿನಲ್ಲಿ ಆ ಹೆಂಗಸಿನ ಬಾಯಿಂದ ಬಂದ ನಿಜವಾದ ಮಾತು ಅದೊಂದೇ. ಅಲ್ಲಿ ಯಾರಿಗೂ ಹಾರವಾಗುವಷ್ಟು ಕಟ್ಟಲು ಬರುತ್ತಿರಲಿಲ್ಲ.

ತಾಯಿ ಮಗಳು ಚಪ್ಪಲಿ ಮೆಟ್ಟಿಕೊಂಡರು. ಖುಷಿ ಬಾಗಿಲ ತನಕ ಬಂದು ಟಾಟಾ ಮಾಡಿದಳು. ಯಾರೋ ಒಳಗೆ ಎಳೆದುಕೊಂಡರು.

ಕೆಳಗೆ ವ್ಯಾನಿನಲ್ಲಿ ಆದಂ ಫೋನ್ ಕಿವಿಗೆ ಹಿಡಿದು ಕೂತಿದ್ದ. "ಹಾಂ ಸಾರ್, ಹಾಂ ಸಾರ್" ಅನ್ನುತ್ತಿದ್ದ. ಫೋನ್ ಇಟ್ಟು ಸ್ಟೇರಿಂಗಿನ ಮೇಲೆ ಹಣೆ ಇಟ್ಟ. ಹೊರಗೆ ಬಿಸಿಲು ತಗಡಿನ ಹಾಗೆ ಹೊಳೆಯುತ್ತಿತ್ತು.

"ಎಂತ ಮಾಡಿದ್ರಿ ಅಕ್ಕ?"

"ಮೂಸಿದೆ."

"ಎಷ್ಟು?"

"ಪೂರ್ತಿ."

ಆದಂ ತಲೆ ಎತ್ತಿ ಅವಳನ್ನು ನೋಡಿದ. ನಗು ಬಂತೋ ಅಳು ಬಂತೋ, ಬಾಯಿ ಒಂದು ಬದಿಗೆ ಹೋಯಿತು. "ಖಲಾಸ್" ಎಂದ. "ಆರ್ಡರೂ ಖಲಾಸ್, ಅಂಗಡಿಯೂ ಖಲಾಸ್. ನಾಳೆಯಿಂದ ಬರುವುದು ಬೇಡ ಅಂತ ನಾನು ಹೇಳ್ಬೇಕಂತೆ ನಿಮ್ಗೆ. ಅಧ್ಯಕ್ಷರು ಹೇಳಿದ್ದು."

"ಹೇಳು."

ಅವನು ಹೇಳಲಿಲ್ಲ. ಗಾಡಿ ಸ್ಟಾರ್ಟ್ ಮಾಡಿದ. ಹೇಳುವ ಅಗತ್ಯ ಇರಲಿಲ್ಲ. ಅಂಗಡಿ ಮುಂದಿನ ತಿಂಗಳು ಬೇರೆಯವರ ಕೈಗೆ ಹೋಯಿತು. ಯಶ್ಮಿತಾಳ ಶಾಲೆಯ ವಿಷಯ ಇನ್ನೂ ತೀರ್ಮಾನ ಆಗಿಲ್ಲ. ಲೋಲಾಕ್ಷಿ ಈಗ ಒಂದು ಹೋಟೆಲಿನ ಬಟ್ಟೆ ಒಗೆಯುವಲ್ಲಿ ಹಾಸಿಗೆ ಬಟ್ಟೆ ಮಡಚುತ್ತಾಳೆ. ಅಲ್ಲಿ ಬ್ಲೀಚಿನ ಘಾಟು. ಮಾಸ್ಕ್ ಎಲ್ಲರಿಗೂ ಕೊಡುತ್ತಾರೆ.

ಅಪ್ಪೆಗೆ ಕೊಟ್ಟ ಮಾತನ್ನು ಅವಳು ಮೂವತ್ತೈದು ವರ್ಷ ಕಾಯ್ದಿದ್ದಳು. ಆ ಶುಕ್ರವಾರ ಬೆಳಿಗ್ಗೆ, ಅಲ್ ಗುಬ್ರಾದ ಮೂರನೇ ಮಾಳಿಗೆಯಲ್ಲಿ, ಮಗಳ ಎದುರು, ಅದನ್ನು ಮುರಿದಳು.